ಎರಡು ಕೆಟಲ್

ಗುರುವಾರ ಸಂಜೆ ಆರಕ್ಕೆ
ಅಗ್ನಿಶಾಮಕ ಠಾಣೆಯ ಮಹಡಿಯಲ್ಲಿ
ಹದಿಮೂರು ಜನ ಕಣ್ಣು ಮುಚ್ಚಿ ಕೂರುತ್ತಾರೆ.
ಅವರಲ್ಲಿ ನನ್ನವನೂ ಒಬ್ಬ, ಔಗುಸ್ತಿನ್.
ಗ್ದಾನ್ಸ್ಕಿನ ಹಡಗುಕಟ್ಟೆಯಲ್ಲಿ ಮೂವತ್ತೊಂದು ವರ್ಷ
ಬೆಸುಗೆ ಹಾಕಿ, ಅದರ ಕಿಟ್ಟ ಬಡಿದು ಉದುರಿಸಿದವನು.

ಚೀಟಿ ಬರೆದವಳು ನರ್ಸ್ ಹಾಲ್ಷ್ಕಾ.
ಮಾತ್ರೆಯ ಹೆಸರಿನ ಕೆಳಗೇ, ಅದೇ ಗೀಚು ಅಕ್ಷರದಲ್ಲಿ:
ದಿನಾ ಇಪ್ಪತ್ತು ನಿಮಿಷ, ಉಸಿರು.
"ಉಸಿರಾಡೋಕೂ ಚೀಟಿ ಬೇಕಾ ಈಗ?"
ಟ್ರಾಮಿನಲ್ಲಿ ಗೊಣಗಿದ.
ಕಿವಿ ಮಂದವಾದವನ ಗೊಣಗಾಟ,
ಇಡೀ ಟ್ರಾಮು ತಿರುಗಿ ನೋಡಿತು.

ಮೊದಲ ವಾರ ಗೊರಕೆ ಹೊಡೆದನಂತೆ.
ಎರಡನೆಯ ವಾರ ಮೊಣಕಾಲು ಹಿಡಿದು ಕುರ್ಚಿ ಕೇಳಿದ.
"ಯಾವ ದೇವರ ಪೂಜೆಯೋ ಇದು?"
ಅವನ ಅಕ್ಕ ಲುದ್ಗಾರ್ದಾ, ಜಪಸರ ಬಿಗಿಹಿಡಿದು.
"ಬಿ.ಪಿ.ಯದು" ಅಂದ. ಅವಳು ಎದೆಯ ಮೇಲೆ
ಶಿಲುಬೆ ಎಳೆದುಕೊಂಡಳು.

ಒಂದರಿಂದ ಹತ್ತು. ತಪ್ಪಿದರೆ ಮತ್ತೆ ಒಂದು.
ಅಷ್ಟೇ ವಿದ್ಯೆ.
ಒಂದು ರಾತ್ರಿ ಸೂಪು ಕುಡಿಯುತ್ತ ಹೇಳಿದ:
"ಬೆಸುಗೆ ಕೆಂಪಗೆ ಹೊಕ್ಕು ಅಲ್ಲೇ ತಣಿಯುತ್ತೆ.
ಉಸಿರು ಉಲ್ಟಾ ಕಣೇ,
ತಣ್ಣಗೆ ಹೋಗಿ ಬೆಚ್ಚಗೆ ಬರುತ್ತೆ.
ಅರವತ್ತೇಳಕ್ಕೆ ಗೊತ್ತಾಯ್ತು ನೋಡು."

ಮಾರ್ಚಿನಲ್ಲಿ ನೂರ ಎಪ್ಪತ್ತೆರಡು.
ಅಕ್ಟೋಬರಿನಲ್ಲಿ ನೂರ ನಲವತ್ತೆಂಟು.
ಕ್ರಿಸ್ಮಸ್ಸಿನ ಮೀನು ತಿಂದ ಮರುದಿನ ಮತ್ತೆ ನೂರ ಅರವತ್ತು.
ಹಾಲ್ಷ್ಕಾ ಬೈದಳು, ಮಾತ್ರೆ ಬಿಡಿಸಲಿಲ್ಲ,
ನಿದ್ದೆಯದನ್ನು ಮಾತ್ರ ಅರ್ಧ ಮಾಡಿದಳು.

ಆ ಪಾದರಸ ಅವರಿಗಿರಲಿ.
ನನ್ನ ಅಳತೆ ಬೇರೆ:
ಬೆಳಿಗ್ಗೆ ಹೊದಿಕೆ ಹಗ್ಗದ ಹಾಗೆ ಹೊಸೆದಿರುವುದಿಲ್ಲ.
ಬಾಗಿಲು ಬಾಗಿಲಿನ ಹಾಗೆ ಮುಚ್ಚಿಕೊಳ್ಳುತ್ತದೆ.
ಪಕ್ಕದ ಮನೆಯ ನಾಯಿ ಇವನನ್ನು ಕಂಡರೆ
ಈಗ ಬೊಗಳಿದರೂ, ಮನಸ್ಸಿಲ್ಲದೆ ಬೊಗಳುತ್ತದೆ.

ಮೊನ್ನೆ ಭಾನುವಾರ ನಾನು ಚಹಾಕ್ಕಿಟ್ಟೆ.
ಮದುವೆಯಾದಂದಿನಿಂದ ಒಂದೇ ಜಗಳ,
ಕೆಟಲ್ ಕೂಗುವ ಮೊದಲೇ ಓಡಿ ಬಂದು ಇಳಿಸುತ್ತಿದ್ದ,
"ತಲೆ ಒಡೀತದೆ" ಎಂದು ಕಿರುಚುತ್ತಿದ್ದ.
ನನ್ನ ಚಹಾ, ನನ್ನ ಅಡುಗೆಮನೆ,
ನನ್ನ ಮೇಲೇ ಸಿಟ್ಟೆಂದುಕೊಂಡಿದ್ದೆ.

ಅವತ್ತು ಕುರ್ಚಿಯಿಂದ ಏಳದೆ ಹೇಳಿದ:
"ನನ್ನ ಕಿವಿಯಲ್ಲೂ ಒಂದಿದೆ ಬ್ರೋನ್ಯಾ.
ಇದೇ ಸ್ವರ. ಕುದಿಯುವ ಮುಂಚಿನದು.
ಇದನ್ನಾದರೂ ಇಳಿಸಬಹುದಿತ್ತು.
ಅದನ್ನು ಇಳಿಸುವವರೇ ಇರಲಿಲ್ಲ."

"ನಿಂತಿತಾ ಈಗ?"

"ಇಲ್ಲ. ಅದರ ಪಕ್ಕ ಕೂರೋದು ಕಲಿತೆ."

ಇಷ್ಟು ವರ್ಷ ಒಂದೇ ಹಾಸಿಗೆ,
ಆ ಇನ್ನೊಂದು ಒಲೆ ನನಗೆ ಕಾಣಲೇ ಇಲ್ಲ.
ಕಣ್ಣು ಮುಚ್ಚಿ ನಾನೂ ಕಿವಿಗೊಟ್ಟೆ:
ಫ್ರಿಜ್ಜಿನ ಗುರುಗುರು, ಕಡಲಕ್ಕಿಯೊಂದರ ಬೈಗುಳ,
ನನ್ನದೇ ಉಸಿರು ಮೂರು, ನಾಲ್ಕು,
ಮತ್ತೆ ಒಂದು.

ಕೆಟಲ್ ಕೂಗಿತು.
ಯಾರೂ ಓಡಲಿಲ್ಲ.