ಶಿಲ್ಕು

ಹೊಯಿಗೆಬಜಾರಿನ ವ್ಯಾಯಾಮಶಾಲೆಯ ಮಾಳಿಗೆಯಲ್ಲಿ
ತಿಂಗಳ ಎರಡನೇ ಶನಿವಾರ ಹಣದ ಕುರಿತು ಉಪನ್ಯಾಸ.
ಕೆಳಗೆ ಹುಡುಗರು ಕಬ್ಬಿಣ ಎತ್ತುತ್ತಾರೆ,
ಮೇಲೆ ಶೆಣೈ ಮಾಸ್ತರು
ಬಡ್ಡಿಯ ಮೇಲೆ ಬಡ್ಡಿ ಪೇರಿಸುತ್ತಾರೆ.
ನನಗೆ ವಹಿಸಿದ್ದು
ಒಂದು ಹಿತ್ತಾಳೆ ಗಂಟೆ, ಒಂದು ಸ್ಟಾಪ್‌ವಾಚು.

ಮೂವತ್ತೊಂದು ವರ್ಷ ಪಿಗ್ಮಿ ಎತ್ತಿದವನು ನಾನು.
ಮಂಜುಗಡ್ಡೆಯ ನೀರಲ್ಲಿ ನೆಂದ ಎರಡು ರೂಪಾಯಿ,
ಹಂಚಿನ ಕಾರ್ಖಾನೆಯ ಕೆಂಧೂಳಿನ ಐದು,
ಸೆಲೂನಿನ ಪೌಡರು ಮೆತ್ತಿದ ಹತ್ತು.
ನೋಟು ಮೂಸಿದರೆ ಸಾಕು, ಗಲ್ಲಿ ಯಾವುದೆಂದು ಹೇಳುತ್ತಿದ್ದೆ.
ನನ್ನ ಬ್ಯಾಂಕಿನ ಹೆಸರು ಈಗ ಬೋರ್ಡಿನಲ್ಲಿಲ್ಲ.
ದೊಡ್ಡದೊಂದು ಬಂದು ಕೈಹಿಡಿಯಿತು ಅಂದರು;
ಹೊಸ ಬಣ್ಣ ಬಳಿದುಕೊಂಡು ಹಳೆಯ ಕಟ್ಟಡ
ಗುರುತಿನವರನ್ನು ಕಂಡರೂ ಮಾತಾಡಿಸುವುದಿಲ್ಲ.
ಇರಲಿ.

ಇವತ್ತು ಉಪನ್ಯಾಸವಲ್ಲ, ಯುವಜನರ ಚರ್ಚೆ.
ವಿಷಯ: ಚಿನ್ನಕ್ಕಿಂತ ಷೇರು ಲೇಸು.
ಪರವೋ ವಿರೋಧವೋ, ಚೀಟಿ ಎತ್ತಿ ತೀರ್ಮಾನ.
ತಲಾ ಮೂರು ನಿಮಿಷ.
ಎರಡೂವರೆಗೆ ಒಂದು ಗಂಟೆ, ಮೂರಕ್ಕೆ ಎರಡು.

ರೆನಿಟಾ ಡೇಸಾ ಅಜ್ಜಿಯ ಕಿವಿಯಿಂದ ಶುರುಮಾಡಿ
ಯುದ್ಧಗಳ ತನಕ ಹೋಗಿ ಮುಟ್ಟಿದಳು.
ಬಂದರಿನ ಅನ್ಸಾಫ್ ತಂದ ಗ್ರಾಫು
ಬೆಟ್ಟ ಹತ್ತುತ್ತಲೇ ಇತ್ತು,
ತುದಿಗೆ ಎರಡು ಗೇಣು ಬಾಕಿ ಇರುವಾಗ
ನನ್ನ ಗಂಟೆ ಬಡಿಯಿತು. ನಾನು ಯಾರಿಗೂ ರಿಯಾಯಿತಿ ಕೊಟ್ಟವನಲ್ಲ.

ಆಮೇಲೆ ನಿಶ್ಮಿತಾ. ಬಿ.ಕಾಂ. ಎರಡನೇ ವರ್ಷ.
ಚೀಟಿಯಲ್ಲಿ ಅವಳಿಗೆ ಷೇರು ಬಿದ್ದಿತ್ತು.
‘ಚಿನ್ನವೆಂದರೆ ನಿದ್ದೆ ಮಾಡುವ ಹಣ,’ ಅಂದಳು.
‘ಕಪಾಟಿನಲ್ಲಿ ಗೊರಕೆ ಹೊಡೆಯುತ್ತದೆ.
ದುಡಿಯದೆ ಮಲಗಿದವನಿಗೆ
ನಿಮ್ಮ ಮನೆಯಲ್ಲಿ ಎರಡನೇ ಸಲ ಅನ್ನ ಬಡಿಸುತ್ತೀರಾ?’
ಸಭೆ ನಕ್ಕಿತು. ಶೆಣೈ ಮಾಸ್ತರು ಮೇಜು ಕುಟ್ಟಿದರು.

ನಾನು ಕೊನೆಯ ಬೆಂಚು ನೋಡಿದೆ.
ವಾರಿಜಕ್ಕ ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡಿದ್ದಳು.
ಆ ಕೈ ನನಗೆ ಗೊತ್ತು.
ಬೀಡಿ ಬ್ರಾಂಚಿನಿಂದ ಬ್ಯಾಂಕಿನ ಬ್ರಾಂಚಿಗೆ
ಹನ್ನೊಂದು ವರ್ಷ, ದಿನಕ್ಕೆ ಐದು, ನನ್ನ ಮೂಲಕ.
ಅವಳ ಕಾರ್ಡಿನ ಖಾಲಿ ಚೌಕಗಳೂ ಬಾಯಿಪಾಠ:
ಎರಡು ಸಾವು, ಒಂದು ಹೆರಿಗೆ.
ಆ ಹೆರಿಗೆಯೇ ಈಗ ಮೈಕಿನ ಮುಂದೆ ನಿಂತಿದೆ.

ಸಭಿಕರ ಪ್ರಶ್ನೆಗೆ ತಲಾ ಎರಡು ನಿಮಿಷ.
ಯಾರೂ ಏಳಲಿಲ್ಲ.
ವಾರಿಜಕ್ಕ ಎದ್ದಳು.

‘ಮಗಳು ಹೇಳಿದ್ದು ಸರಿ ಇರಬಹುದು ಮಾರಾಯ್ರೆ, ಕಲಿತವಳು.
ಆದರೆ ನಮ್ಮ ಮನೆಯ ಬಳೆ
ನಿದ್ದೆ ಮಾಡಿದ್ದನ್ನು ನಾನು ಕಂಡಿಲ್ಲ.
ಇವಳ ಅಣ್ಣನ ಕಾಲು ಮುರಿದಾಗ ಹೋಯಿತು, ಬಂತು.
ಮಾಡಿನ ಪಕ್ಕಾಸು ಗೆದ್ದಲು ತಿಂದಾಗ ಹೋಯಿತು,
ಎರಡು ವರ್ಷ ಕಳೆದು ಬಂತು.
ಇವಳ ಫೀಸಿಗೆ ಹೋದದ್ದು ಇನ್ನೂ ಬರಲಿಲ್ಲ.
ನಮ್ಮಲ್ಲಿ ನಿದ್ದೆಗೆಟ್ಟು ದುಡಿಯುವುದು ಅದೊಂದೇ.
ಮತ್ತೆ ನಾನು.’

ಕೂತಳು.
ವಾಚಿನಲ್ಲಿ ಒಂದು ನಿಮಿಷ ಇಪ್ಪತ್ತು ಸೆಕೆಂಡು.

ಮುಂದಿನವರನ್ನು ಕರೆಯಲು ಅಧ್ಯಕ್ಷರು ಸನ್ನೆ ಮಾಡಿದರು.
ನಾನು ಗಂಟೆಯ ನಾಲಿಗೆಯನ್ನು ಬೆರಳಲ್ಲಿ ಹಿಡಿದುಕೊಂಡೆ.
ನಲವತ್ತು ಸೆಕೆಂಡು ಶಿಲ್ಕು ಉಳಿದಿದೆ,
ಅದು ಅವಳದು, ಅವಳ ಖಾತೆಯದು,
ಇನ್ನೊಬ್ಬರ ಮಾತಿಗೆ ಅದನ್ನು ನಾನು ಜಮಾ ಮಾಡಲಾರೆ.
ಕೆಳಗೆ ಯಾರೋ ಕಬ್ಬಿಣ ಇಳಿಸಿದ ಸದ್ದು.
ಮಾಡಿನ ಹಂಚಿನ ಸಂದಿಯಿಂದ
ಒಂದು ಬಿಸಿಲುಕೋಲು ಟಿಪ್ಪಣಿಯ ಕಾಗದದ ಮೇಲೆ.
ನಿಶ್ಮಿತಾ ಅದನ್ನು ಮಗುಚಿ ಹಾಕಿದಳು,
ಹಿಂಬದಿ ಖಾಲಿ.
ಮೂವತ್ತೆಂಟು. ಮೂವತ್ತೊಂಬತ್ತು.

ಬಹುಮಾನ ಅವಳಿಗೆ ಎರಡನೆಯದು,
ಮೊದಲನೆಯದು ಅನ್ಸಾಫಿನ ಬೆಟ್ಟಕ್ಕೆ.

ಮೆಟ್ಟಿಲು ಇಳಿಯುವಾಗ ನನ್ನ ಮುಂದೆ ಅವರಿಬ್ಬರು.
‘ಶೇಕಡಾ ಎಷ್ಟಕ್ಕೆ ಇಟ್ಟದ್ದು ಅಮ್ಮ?’
‘ಯಾರಿಗೆ ಗೊತ್ತು. ಕಾಗದ ಸಕ್ಕರೆ ಡಬ್ಬದ ಅಡಿಯಲ್ಲುಂಟು.’
‘ತಿಂಗಳಿಗೋ ವರ್ಷಕ್ಕೋ?’
‘ಮೆಟ್ಟಿಲು ನೋಡಿ ಇಳಿ.’