ಇಲ್ಲದ ಸಾಲಿಗೆ

ಮೊಖೊಟ್ಲಾಂಗಿನ ಹೆರಿಗೆ ಆಸ್ಪತ್ರೆ. ಜುಲೈ. ಕಿಟಕಿಯಾಚೆ ಹಿಮ.
ಸೀಮೆಎಣ್ಣೆ ಒಲೆಯ ಪಕ್ಕ
ಯಾರೋ ದಾನ ಕೊಟ್ಟ ಹಳೇ ಡಬ್ಬಿಗೆ ಲಿನಕ್ಸ್ ಹಾಕಿ ಕೂತಿದ್ದೇನೆ.
ಈ ಗುಡ್ಡ ಹತ್ತುವಷ್ಟರಲ್ಲಿ ನೆಟ್‌ವರ್ಕಿಗೆ ಏದುಸಿರು;
ಡೇಟಾಬೇಸನ್ನು ಪೆನ್‌ಡ್ರೈವಿನಲ್ಲಿ
ಮಸೇರುವಿನಿಂದ ಹೊತ್ತು ತಂದೆ,
ಕಂಬಳಿಯೊಳಗೆ, ಎದೆಯ ಬಿಸಿಗೆ.

ಸರ್ವರು ಎದ್ದಿತು. ಎದ್ದರೂ
ತನ್ನ ಗೊಣಗು ತನಗಷ್ಟೇ ಕೇಳುವ ಮುದುಕನ ಹಾಗೆ
ಹೊರಗಿಂದ ಕದ ತಟ್ಟಿದರೆ ಓಗೊಡದು.
ಕಡತ ಬಿಚ್ಚಿದೆ. ಒಂದು ಸಾಲಿನ ನೆತ್ತಿಯ ಹ್ಯಾಷ್ ಕಿತ್ತು
ವಿಳಾಸ ತಿದ್ದಿ
ಮತ್ತೆ ಮಲಗಿಸಿ, ಎಬ್ಬಿಸಿದೆ.
ಸೂಲಗಿತ್ತಿಯರಿಗೆ ಬರೆಯುವ ಹಕ್ಕು. ಗುಮಾಸ್ತನಿಗೆ ಓದುವ ಹಕ್ಕು.
ಅಳಿಸುವ ಹಕ್ಕು ಯಾರಿಗೂ ಇಲ್ಲ.

ಇನ್ನು ಕೋಷ್ಟಕ.
ತಾಯಿ, ಮಗು, ತೂಕ, ಹೊತ್ತು. ತಂದೆ –
'ಬಿಡುವಂತಿಲ್ಲ' ಎಂದು ಬರೆಯಹೋದವನ ಮುಂದೆ
ಮ್ಮೆ ಮಾಲಿನೆಯೊ ಹಳೇ ಲೆಡ್ಜರು ತೆರೆದಿಟ್ಟರು:
ಪುಟಕ್ಕೆ ಆರೇಳು ಅಡ್ಡಗೀಟು.
'ಇವನು ಗಣಿಯಲ್ಲಿ. ಇವನೂ. ಇವನು ಗಣಿಯಲ್ಲೇ ಉಳಿದ.
ಇದು – ಹುಡುಗಿ ಹೇಳಲಿಲ್ಲ, ನಾನೂ ಕೇಳಲಿಲ್ಲ.'

ನಲ್ ಅಂದರೆ ಸೊನ್ನೆಯಲ್ಲ ಮ್ಮೆ, ಎಂದೆ, ಪಾಠ ಒಪ್ಪಿಸುವವನಂತೆ.
ಗೊತ್ತಿಲ್ಲ ಎಂಬುದಕ್ಕೆ ಬಿಟ್ಟ ಜಾಗ.
ಒಂದು ಗೊತ್ತಿಲ್ಲ ಇನ್ನೊಂದು ಗೊತ್ತಿಲ್ಲಕ್ಕೆ ಸಮವಲ್ಲ.
'ಅದು ನನಗೆ ಗೊತ್ತು' ಎಂದರು.

ಪರೀಕ್ಷೆಗೊಂದು ಸಾಲು ಬೇಕಿತ್ತು. ಎದುರಿಗಿದ್ದವರು ಅವರೇ.
ನಮ್ಮಲ್ಲಿ ಸೊಸೆಯನ್ನು ಮನೆ ತುಂಬಿಸಿಕೊಂಡ ದಿನವೇ
ಹುಟ್ಟಲಿರುವ ಕೂಸಿನ ಹೆಸರಿಂದ ಅವಳನ್ನು ಕರೆಯುತ್ತಾರೆ.
ಮಾಲಿನೆಯೊ: ಲಿನೆಯೊಳ ತಾಯಿ.
ಹಾಗೇ ಟೈಪಿಸಿದೆ, ಎಂಟರ್ ಒತ್ತಿದೆ.
ದೋಷ. ಈ ಕೀಲಿ ತೋರಿಸುವ ಸಾಲು
ಮಕ್ಕಳ ಕೋಷ್ಟಕದಲ್ಲಿಲ್ಲ.

'ಮೊದಲು ಮಗಳನ್ನು ಸೇರಿಸಬೇಕು ಮ್ಮೆ. ಹುಟ್ಟಿದ ದಿನ?'

ಒಲೆಯ ಬತ್ತಿ ತಗ್ಗಿಸಿದರು.
ಏರಿಸಿದರು.
'ಹುಟ್ಟಲಿಲ್ಲ ಅವಳು.'

ಮೂವತ್ತೊಂದು ವರ್ಷ
ಕುದುರೆ ಏರಿ ಬಂದು, ನಡುರಾತ್ರಿ ಅಂಗಳದಲ್ಲಿ ನಿಂತು
ಜಿಲ್ಲೆಗೆ ಜಿಲ್ಲೆಯೇ ಆ ಹೆಸರು ಕೂಗಿದೆ.
ಕೂಗಿದಾಗಲೆಲ್ಲ ಅವರು ಎದ್ದು ಹೋಗಿದ್ದಾರೆ.
ಇಲ್ಲದ ಸಾಲಿಗೆ ಬೊಟ್ಟು ಮಾಡಿ ನಿಂತ ಹೆಸರು;
ದೋಷವೆಂದು ಯಾರೂ ಹಿಂದಿರುಗಿಸಲಿಲ್ಲ –
ನಾನೇ ಮೊದಲು.

ರೋಲ್‌ಬ್ಯಾಕ್ ಎಂದು ಟೈಪಿಸಿದೆ. ಅಕ್ಷರ ಎರಡು ಸಲ ತಪ್ಪಿತು.
ಅಷ್ಟರಲ್ಲಿ ವಾರ್ಡಿನಿಂದ ಕೂಗು: ಮಾಲಿನೆಯೊ! ಮಾಲಿನೆಯೊ!
ಚಹಾ ಅಲ್ಲೇ ಬಿಟ್ಟು ಹೋದರು.

ಬೆಳಗಿನ ಜಾವ ನಾಲ್ಕು ಹದಿನೇಳಕ್ಕೆ ಮೊದಲ ಸಾಲು ಬಂತು,
ಒಂದೊಂದೇ ಬೆರಳಲ್ಲಿ ಕುಟ್ಟಿದ್ದು:
ಹೆಣ್ಣು. ಎರಡು ಕಿಲೊ ಒಂಬೈನೂರು.
ಹೆಸರಿನ ಜಾಗ ಬಿಟ್ಟಿದ್ದರು.
ಸರ್ವರು ಒಪ್ಪಿಕೊಂಡಿತು.