ಕಾಲಂ ಹದಿನಾಲ್ಕು

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಂದಿಗೆ
ನಾನು ಹೋದದ್ದು ಪಾಠ ಹೇಳಲಿಕ್ಕಲ್ಲ, ಗಣತಿಗೆ.
ಸಸ್ಯಶಾಸ್ತ್ರವನ್ನು ಹದಿನೈದು ದಿನ ಬೀರುವಿನಲ್ಲಿಟ್ಟು ಬೀಗ ಹಾಕಿ
ಕೈಗೆ ರಟ್ಟು, ಜೇಬಿಗೆ ನೀಲಿ ಪೆನ್ನು, ಕಿವಿಗೆ ಪೆನ್ಸಿಲು,
ಕೊರಳಿಗೆ ಬಿಸಿಲಿಗೆ ಸೊಟ್ಟಗಾದ ಗುರುತಿನ ಚೀಟಿ.

ಅಲ್ಲಿ ಗೋಡೆಗೂ ಬೇವಿನ ಎಲೆಗೂ ಒಂದೇ ಮಸಿ.
ಉಪ್ಪುನೀರು ಕುಡಿದ ಅಕ್ಕಿ
ಕಾದ ಮರಳಿಗೆ ಬೀಳುವ ಸದ್ದು,
ಮರುಗಳಿಗೆ ಬೆಳ್ಳಗೆ ಚಿಟಪಟ.

ಹೆಸರು ಖಾಸಿಂಬಿ. ವಯಸ್ಸು?
"ನಲವತ್ತೆಂಟು ಬರ್ಕಳ್ರಿ, ಹೆಚ್ಚುಕಮ್ಮಿ."
ಕಾಲಂ ಹದಿನಾಲ್ಕು: ಮುಖ್ಯ ಉದ್ಯೋಗ.
ಒಂದೇ ಬರೆಯಬೇಕು. ಜಾಗ ಬೆರಳಗಲ.

"ಯಾವ್ದಂತ ಹೇಳ್ಲಿ ಮೇಷ್ಟ್ರೆ?
ಮುಂಜಾನೆ ಜರಡಿ ಹಿಡೀತೀನಿ.
ಉರಿ ಜೋರಾದ್ರೆ ತಗ್ಗಿಸ್ತೀನಿ,
ಮಬ್ಬಾದ್ರೆ ಹೊಟ್ಟು ದೂಡ್ತೀನಿ.
ಲಾರಿ ಬಂದ್ರೆ ಚೀಲ ಎಣಿಸೋದು ನಾನೇ.
ಹೆರಿಗೆ ನೋವು ಬಂದ್ರೆ ಆಟೋಕ್ಕೆ ಓಡೋದೂ..."
ಆಚೆ ಯಾರೋ ಕೂಗಿದರು. ಮಾತು ಅರ್ಧಕ್ಕೆ ಬಿಟ್ಟು
ಎದ್ದು ಹೋದಳು.

ಪೆನ್ನಿನ ಮುಚ್ಚಳ ತೆಗೆದು ನಿಂತ ನನಗೆ
ನೆನಪಾದದ್ದು, ನಗಬೇಡಿ, ಒಂದು ಪ್ರೋಟೀನು.

ಅದಕ್ಕೆ ಹೆಸರಿಲ್ಲ. ಬರೀ ನಂಬರು:
ಹದಿನಾಲ್ಕು-ಮೂರು-ಮೂರು.
ಹಿಂದೆ ಯಾರೋ ಹಸುವಿನ ಮೆದುಳಿನ ರಸವನ್ನು
ಗಾಜಿನ ಕಾಲಂಗೆ ಹುಯ್ದಾಗ
ಹದಿನಾಲ್ಕನೆಯ ಪಾಲಿನಲ್ಲಿ ತೊಟ್ಟಿಕ್ಕಿ ಬಂತಂತೆ.
ಆಮೇಲೆ ನಾಮಕರಣಕ್ಕೆ ಯಾರಿಗೂ ಪುರುಸೊತ್ತಾಗಲಿಲ್ಲ.
ಏನು ಇದರ ಕೆಲಸ ಎಂದು ಹುಡುಕಿದವರಿಗೆ
ಹೋದಲ್ಲೆಲ್ಲ ಎದುರಾಯಿತು:
ಈಸ್ಟಿನಲ್ಲಿ, ಮೆಕ್ಕೆಜೋಳದಲ್ಲಿ, ನಿಮ್ಮಲ್ಲಿ, ನನ್ನಲ್ಲಿ.

ತಾನಾಗಿ ಏನನ್ನೂ ಕಡಿಯದು, ಕಟ್ಟದು.
ಎರಡು ಕೂಡಿ ಬೊಗಸೆಯಾಗಿ ಕೂತಿರುತ್ತದೆ.
ಯಾರ ಮೈಮೇಲೆ ಫಾಸ್ಫೇಟಿನ ಬೊಟ್ಟು ಬಿತ್ತೋ
ಅವರನ್ನು ಹಿಡಿದುಕೊಳ್ಳುತ್ತದೆ. ಅಷ್ಟೇ.

ಬೆಳಗಿನ ನೀಲಿ ಬೆಳಕು ಎಲೆಗೆ ತಾಗಿದರೆ
ಜೀವಕೋಶದ ಪಂಪಿನ ಬಾಲ ಹಿಡಿಯುತ್ತದೆ:
ಪಂಪು ನಡೆಯುತ್ತದೆ, ಪತ್ರರಂಧ್ರ ಬಾಯಿ ಬಿಡುತ್ತದೆ.
ಕತ್ತಲಾದರೆ ಅದೇ ಕೈ
ನೈಟ್ರೇಟು ಪಳಗಿಸುವವನ ಹೆಗಲು ಹಿಡಿಯುತ್ತದೆ:
ಅವನು ನಿಲ್ಲುತ್ತಾನೆ.
ಹಿಡಿತ ಒಂದೇ.
ಒಬ್ಬನಿಗೆ ನಡೆ, ಒಬ್ಬನಿಗೆ ತಡೆ.

ಈ ಅಕ್ಕಿಯೂ ಹಿಂದೊಮ್ಮೆ
ಭದ್ರಾ ನಾಲೆಯ ಕೆಳಗೆ ಮೊಣಕಾಲುದ್ದ ಹಸಿರು.
ಹಗಲಿನ ಉದ್ದ ಅಳೆದು ಕೂತ ಎಲೆ
ತುದಿಗೆ ಸುದ್ದಿ ಕಳಿಸಿತ್ತು: ಹೂ ಬಿಡು.
ಬಾಗಿಲಿಗೆ ಬಂದ ಸುದ್ದಿಯನ್ನು ಎದುರುಗೊಂಡು
ಒಳಮನೆಗೆ ಕರೆದೊಯ್ದದ್ದು ಇದೇ ಹೆಸರಿಲ್ಲದ್ದು.
ತೆನೆ ಬಂದಾಗ ಇದರ ಸುದ್ದಿ ಯಾರೂ ಎತ್ತಲಿಲ್ಲ.
ಪಾಠದಲ್ಲಿ ನಾನೂ
ಇದಕ್ಕೆ ಕೊಡುವುದು ಎರಡೇ ಸಾಲು,
ಅದೂ ಗಂಟೆ ಹೊಡೆಯುವ ಮುಂಚೆ, ಅವಸರದಲ್ಲಿ.

ಖಾಸಿಂಬಿ ಬಂದಳು, ಸೆರಗಿಗೆ ಕೈ ಒರೆಸುತ್ತ.
"ಚಮನ್‌ಗೂ ಅವ್ನ ತಮ್ಮಂಗೂ ತೂಕದ ಜಗಳ.
ನಾನೇನೂ ಹೇಳ್ಲಿಲ್ಲ ರೀ,
ಸುಮ್ನೆ ಕೈ ಹಿಡ್ಕಂಡು ನಿಂತೆ."

ಕೋಡುಗಳ ಪಟ್ಟಿ ತಿರುವಿದೆ.
ಕೂಲಿ. ಗೃಹಿಣಿ. ಚಿಲ್ಲರೆ ವ್ಯಾಪಾರ. ಇತರೆ.
ಪೆನ್ನಿನಲ್ಲಿ 'ಇತರೆ' ಬರೆದೆ, ಸೂಪರ್‌ವೈಜರ್ ಒಪ್ಪುವುದು ಅದನ್ನೇ.
ಪಕ್ಕಕ್ಕೆ ಪೆನ್ಸಿಲಿನಲ್ಲಿ, ಬೇಕಾದರೆ ಅಳಿಸಲಿ ಎಂದು,
ಸಣ್ಣಗೆ: 'ಹಿಡಿಯುವುದು'.

"ಏನ್ ಬರದ್ರಿ?"
ಓದಿ ಹೇಳಿದೆ.
ಭಟ್ಟಿಯ ಹೆಂಗಸರೆಲ್ಲ ತಿರುಗಿ ನೋಡುವಷ್ಟು ನಕ್ಕಳು.
"ಹಂಗಾದ್ರೆ ನೀವೂ ವಸಿ ಹಿಡೀರಿ"
ಎಂದು ಬಿಸಿ ಮಂಡಕ್ಕಿ ಬೊಗಸೆ ತುಂಬ ತಂದು
ನನ್ನ ರಟ್ಟಿನ ಮೇಲೆ ಸುರಿದಳು.

ತಿಂದು ಮುಗಿಸಿ ನೋಡಿದರೆ ಹಾಳೆಯ ಮೇಲೆ
ಮಸಿಯ ಎರಡು ಹೆಬ್ಬೆರಳು, ಅಕ್ಕಪಕ್ಕ.
ಒರೆಸಿದರೆ ಹರಡೀತೆಂದು
ಹಾಗೇ ಬಿಟ್ಟೆ.